ಫಿಲೋಮೆನ್ ದೆಸೀರ್ ಕೇಳಿದ್ದು, ಕೇಳದೆ ಬಿಟ್ಟದ್ದು

ನಮ್ಮ ಸಾಂತ್ ಒದೀಲ್ ದ್ವೀಪದಲ್ಲಿ ಮಂತ್ರಿಯಾಗುವುದು ಆಕಾಶಕ್ಕೆ ಏಣಿ ಹಾಕುವಂಥ ಕೆಲಸವೇನಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಇಡೀ ದೇಶ ಸುತ್ತಿ ಹೊರಟಲ್ಲಿಗೇ ಬಂದು ಇಳಿಯಬಹುದು. ದೋಣಿ ದಡ ಮುಟ್ಟಿ ಶಂಖ ಊದಿದರೆ ಹಣಕಾಸು ಮಂತ್ರಿಯೂ ಬೋಗುಣಿ ಹಿಡಿದು ಮೀನಿಗೆ ಸಾಲು ನಿಲ್ಲುತ್ತಾನೆ. "ತಳ್ಳಬೇಡಿ ಮಂತ್ರಿಗಳೇ, ಸತ್ತ ಮೀನು ಎಲ್ಲೂ ಓಡಿಹೋಗಲ್ಲ" ಎಂದು ಮುಂದಿನವಳು ಗದರಿದರೆ ಸುಮ್ಮನಾಗುತ್ತಾನೆ.

ಆದರೂ ಫಿಲೋಮೆನ್ ದೆಸೀರ್ ಮಂತ್ರಿಯಾದದ್ದು, ಅದರಲ್ಲೂ ವಿದೇಶಾಂಗ ಮಂತ್ರಿಯಾದದ್ದು ಹೇಗೆ ಎನ್ನುವುದು ನಮ್ಮಲ್ಲಿ ಅನೇಕರಿಗೆ ಇವತ್ತಿಗೂ ತೀರದ ಕುತೂಹಲ. ಅವಳು ಪಕ್ಷಕ್ಕಾಗಿ ಬಾವುಟ ಹಿಡಿದವಳಲ್ಲ. ದೊಡ್ಡ ಮನೆತನದವಳೂ ಅಲ್ಲ. ಅವಳ ತಾಯಿ ಮಾ ಒದೆತ್ ಕೋರ್ಟಿನ ಎದುರಿನ ಬಾದಾಮಿ ಮರದ ಕೆಳಗೆ ಬಾಣಲೆ ಇಟ್ಟುಕೊಂಡು 'ಬೇಕು' ಎಂಬ ತಿಂಡಿ, ಉಪ್ಪುಮೀನು ಕರಿದು ಮಾರುತ್ತಿದ್ದಳು. ಬೇಕು ಎಂದರೆ ಮೈದಾಹಿಟ್ಟನ್ನು ತಟ್ಟಿ ಎಣ್ಣೆಯಲ್ಲಿ ಉಬ್ಬಿಸಿದ ರೊಟ್ಟಿ. ನಮ್ಮ ನ್ಯಾಯಾಧೀಶರೂ ಕಳ್ಳರೂ ಬೆಳಗಿನ ಹೊತ್ತು ಒಂದೇ ಬಾಣಲೆಯಿಂದ ತಿಂದು ಒಳಗೆ ಹೋಗುತ್ತಿದ್ದರು.

ನಾನು ರೇಡಿಯೊದವಳು. ಬೆರ್ನೀಸ್ ಎಂಬ ನನ್ನ ಹೆಸರು ಪಾದ್ರಿಯನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು "ರೇಡಿಯೊ ನೀಸ್". ಫಿಲೊ ನನ್ನ ಶಾಲೆಯ ಗೆಳತಿ. ಅವಳ ಪಕ್ಕ ಕೂತವರಿಗೆ ಮೇಷ್ಟರಿಂದ ಪೆಟ್ಟು ತಪ್ಪುತ್ತಿರಲಿಲ್ಲ, ಏಕೆಂದರೆ ಅವಳು ಪಾಠದ ನಡುವೆ ಪ್ರಶ್ನೆ ಕೇಳುತ್ತಿದ್ದಳು, ಮೇಷ್ಟರಿಗೆ ಉತ್ತರ ಗೊತ್ತಿರುತ್ತಿರಲಿಲ್ಲ, ಸಿಟ್ಟು ಇಡೀ ಬೆಂಚಿನ ಮೇಲೆ ತೀರುತ್ತಿತ್ತು. "ಹೊಟ್ಟೇಲಿದ್ದಾಗ್ಲೇ ಶುರು ಹಚ್ಕೊಂಡಿದ್ಲು," ಎಂದು ಮಾ ಒದೆತ್ ಎಣ್ಣೆಯಿಂದ ಬೇಕು ಎತ್ತುತ್ತಾ ಹೇಳುತ್ತಿದ್ದಳು. "ಒದ್ದೊದ್ದು ಕೇಳೋಳು. ಏನಿದೆ ಹೊರಗಡೆ, ಏನಿದೆ ಹೊರಗಡೆ, ಅಂತ."

ಆ ತಾಯಿ ಕರಿದ ಬೇಕಿನ ಮೇಲೆಯೇ ಮಗಳು ಬಾರ್ಬಡೋಸಿಗೆ ಹೋಗಿ ಕಾನೂನು ಓದಿ ಬಂದಳು. ಬಂದವಳು ಕೋರ್ಟಿನಲ್ಲಿ ಕರಿಕೋಟು ತೊಟ್ಟು ನಿಂತ ಮೊದಲ ವರ್ಷವೇ ಎಲ್ಲ ಹಿರಿಯ ವಕೀಲರೂ ತಲೆ ಚಚ್ಚಿಕೊಂಡರು. ವಕೀಲರಲ್ಲಿ ಒಂದು ಮಾತಿದೆ: ಕಟಕಟೆಯಲ್ಲಿ ನಿಂತವನ ಹತ್ತಿರ ನಿನಗೆ ಮೊದಲೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಬೇಡ. ಫಿಲೊಗೆ ಅದು ಸಾಧ್ಯವೇ ಇರಲಿಲ್ಲ. "ಉತ್ತರ ಗೊತ್ತಿದ್ರೆ ಯಾಕೇ ಕೇಳ್ಬೇಕು ನೀಸ್?" ಎನ್ನುತ್ತಿದ್ದಳು ನನ್ನ ಹತ್ತಿರ, ನಿಜವಾಗಿಯೂ ಅರ್ಥವಾಗದವಳ ಹಾಗೆ.

ಒಮ್ಮೆ ಮೇಕೆಯೊಂದರ ವ್ಯಾಜ್ಯ. ಪಕ್ಕದವನ ಮೇಕೆ ನನ್ನ ಗೆಣಸಿನ ಪಾತಿ ತಿಂದಿತು ಎಂದು ಫಿಲೊಳ ಕಕ್ಷಿದಾರನ ದೂರು. ಎಲ್ಲ ಸರಿಯಾಗಿ ನಡೆದು ಇನ್ನೇನು ತೀರ್ಪು ಇವಳ ಕಡೆಗೇ ಎನ್ನುವಾಗ, ಇವಳು ತನ್ನ ಕಕ್ಷಿದಾರನನ್ನೇ ಕೇಳಿದಳು: "ಅಂದ ಹಾಗೆ, ಆ ಮೇಕೆಗೆ ನಿಮ್ಮ ಪಾತಿಯ ರುಚಿ ಮೊದಲು ಹತ್ತಿದ್ದು ಹೇಗೆ?" ಆ ಪುಣ್ಯಾತ್ಮ ಸತ್ಯವಂತ. "ಮರಿಯಾಗಿದ್ದಾಗ ನಾನೇ ಕರ್ದು ಕರ್ದು ತಿನ್ನಿಸ್ತಿದ್ದೆ, ಮುದ್ದು ಬರ್ತಿತ್ತು" ಎಂದುಬಿಟ್ಟ. ಕೇಸು ಬಿದ್ದುಹೋಯಿತು. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ನಗುವಿನಿಂದಲೋ ದುಃಖದಿಂದಲೋ ತಿಳಿಯಲಿಲ್ಲ. ವಿಚಿತ್ರವೆಂದರೆ ಆಮೇಲೆ ಆ ಇಬ್ಬರು ನೆರೆಯವರೂ, ಗೆದ್ದವನೂ ಸೋತವನೂ, ತಮ್ಮ ಎಲ್ಲ ತಗಾದೆಗೂ ಫಿಲೊ ಹತ್ತಿರವೇ ಬರತೊಡಗಿದರು.

ಅವಳ ಬದುಕು ತಿರುಗಿದ್ದು ಒಂದು ಹಾಡಿನಿಂದ.

ಆಗ ಪ್ರಧಾನಿ ಒಗುಸ್ತ್ ಪ್ರೆವೋ. ಹೊಸದಾಗಿ ಒಂದು ಡಾಂಬರು ರಸ್ತೆ ಮಾಡಿಸಿದ್ದ. ಆ ರಸ್ತೆ ಬೆಟ್ಟ ಹತ್ತಿ, ಹಳ್ಳ ದಾಟಿ, ಸರಿಯಾಗಿ ಅವನ ಅತ್ತೆಯ ಮನೆಯ ಬಾಗಿಲಿಗೆ ಬಂದು ನಿಂತುಹೋಗಿತ್ತು. ಕಾರ್ನಿವಲ್ಲಿನಲ್ಲಿ ಲಾರ್ಡ್ ತುರಿಕೆ ಎಂಬ ಹೆಸರಿನ, ಕಲಿಪ್ಸೊ ಎನ್ನುವ ಗೇಲಿ ಪದಗಳ ಹಾಡುಗಾರ ಅದರ ಮೇಲೊಂದು ಪದ ಕಟ್ಟಿದ. ಊರಿಗೆ ಊರೇ ಕುಣಿಯಿತು. ಪ್ರೆವೋ ಮಾನನಷ್ಟದ ದಾವೆ ಹೂಡಿದ. ಹಾಡುಗಾರನ ಪರ ನಿಲ್ಲಲು ಬೇರೆ ಯಾರಿಗೂ ಧೈರ್ಯ ಬರಲಿಲ್ಲ, ಫಿಲೊ ನಿಂತಳು.

ಪ್ರಧಾನಿ ಕಟಕಟೆ ಹತ್ತಿದ ದಿನ ನಾನು ಕಿಟಕಿಯ ಮೇಲೆ ಕೂತಿದ್ದೆ, ಒಳಗೆ ಜಾಗವಿರಲಿಲ್ಲ. ಫಿಲೊ ಎದ್ದಳು. ಕೇಳಿದ್ದು ಒಂದೇ ಪ್ರಶ್ನೆ.

"ಸರ್, ಆ ಹಾಡನ್ನ ಮೊದಲನೇ ಸಲ ಕೇಳಿದಾಗ ನಿಮಗೆ ನಗು ಬಂತಾ?"

ಪ್ರೆವೋ ಪಕ್ಕಕ್ಕೆ ಕಣ್ಣು ಹಾಯಿಸಿದ. ಪಕ್ಕದ ಬೆಂಚಿನಲ್ಲಿ ಅವನ ಹೆಂಡತಿ ಕೂತಿದ್ದಳು, ಅವಳ ಪಕ್ಕದಲ್ಲಿ ಆ ಅತ್ತೆ. ಅವನು ಬೈಬಲ್ ಮುಟ್ಟಿ ಪ್ರಮಾಣ ಮಾಡಿದ್ದವನು.

"ಬಂತು," ಎಂದ. "ಆ ಎರಡನೇ ನುಡಿಗೆ... ಬಂತು."

ನ್ಯಾಯಾಲಯ ನಕ್ಕ ರಭಸಕ್ಕೆ ನಾನು ಕಿಟಕಿಯಿಂದ ಜಾರಿದೆ. ದಾವೆ ಅಲ್ಲಿಗೇ ಮುಗಿಯಿತು. ಕಾರ್ನಿವಲ್ಲಿನ ಬಿಸಿ ಆರುವುದರೊಳಗೆ ಸುದ್ದಿ ಬಂತು: ಫಿಲೋಮೆನ್ ದೆಸೀರ್ ಅವರನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ದೇಶದ ರಾಯಭಾರಿಯಾಗಿ ನೇಮಿಸಲಾಗಿದೆ. ಸುದ್ದಿ ಓದಿದವಳೇ ನಾನು, ಓದುವಾಗ ಹೆಸರನ್ನು ಎರಡು ಸಲ ನೋಡಿಕೊಂಡೆ.

ರಮ್ ಅಂಗಡಿಗಳಲ್ಲಿ ಡೊಮಿನೊ ಕಾಯಿ ಬಡಿಯುವವರಿಗೆಲ್ಲ ಅದೇ ಮಾತು. ಇದು ಬಹುಮಾನವೋ ಗಡಿಪಾರೋ? "ಬಾಯಿ ಮುಚ್ಚಿಸೋಕೆ ಬೆಣ್ಣೆ ತುರುಕಿದಾನೆ" ಎಂದವರು ಕೆಲವರು. "ಚಳೀಲಿ ಸಾಯ್ಲಿ ಅಂತ ಕಳಿಸ್ತಿದಾನೆ" ಎಂದವರು ಕೆಲವರು. ಮಾ ಒದೆತ್ ಮಾತ್ರ, "ಅಲ್ಲಿ ಉಪ್ಪುಮೀನು ಸಿಗುತ್ತಾ?" ಎಂದು ಕೇಳಿ, ಸಿಗುವುದಿಲ್ಲ ಎಂದು ತಾನೇ ತೀರ್ಮಾನಿಸಿ, ಪೆಟ್ಟಿಗೆಯ ಅರ್ಧ ಭಾಗ ಅದನ್ನೇ ತುಂಬಿದಳು. ನ್ಯೂಯಾರ್ಕಿನ ಸುಂಕದವರು ಪೆಟ್ಟಿಗೆ ತೆರೆದು ಹಿಂದಕ್ಕೆ ಹಾರಿದರಂತೆ.

ನಮ್ಮ ರಾಯಭಾರ ಕಚೇರಿಯೆಂದರೆ ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆ. ಸೋಪಿನ ವಾಸನೆ, ಕೆಳಗೆ ಯಂತ್ರ ತಿರುಗಿದಾಗ ಮೇಜಿನ ಮೇಲಿನ ಬಾವುಟ ಅಲುಗುವುದು. ನಮ್ಮಷ್ಟು ಸಣ್ಣ ದೇಶದ ರಾಯಭಾರಿಯ ಮಾತು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಆದರೆ ಅಲ್ಲಿ ಮಾತಾಡುವವರೇ ತುಂಬಿದ್ದರು, ಕೇಳುವವರು ಇರಲಿಲ್ಲ ಎನ್ನುವುದನ್ನು ಫಿಲೊ ಬೇಗ ಕಂಡುಕೊಂಡಳು. ಉದ್ದದ ಮೊಗಸಾಲೆಗಳಲ್ಲಿ ದೊಡ್ಡ ದೊಡ್ಡ ದೇಶದವರನ್ನು ಹಿಡಿದು ನಿಲ್ಲಿಸಿ, ನಿಮ್ಮೂರಲ್ಲಿ ಮಳೆ ಬಂದ ದಿನ ಏನು ತಿಂತೀರಿ, ನೀವು ಓಟು ಹಾಕುವಾಗ ಬೆರಳು ಯಾಕೆ ಹಾಗೆ ಎತ್ತಿದಿರಿ, ಇಷ್ಟವಿರಲಿಲ್ಲವೇ, ಎಂದೆಲ್ಲ ಕೇಳುತ್ತಿದ್ದಳು. ಮೊದಮೊದಲು ಅವರಿಗೆ ಗಾಬರಿ. ಆಮೇಲೆ ಅವರೇ ಹುಡುಕಿಕೊಂಡು ಬರತೊಡಗಿದರು. ತಮ್ಮ ಸರಕಾರಕ್ಕೆ ಹೇಳಲಾಗದ್ದನ್ನು ಲಾಂಡ್ರಿಯ ಮೇಲೆ ಬಂದು, ಕೋಕೋ ಚಹ ಕುಡಿಯುತ್ತಾ ಹೇಳಿ ಹೋಗುತ್ತಿದ್ದರಂತೆ.

ಒಬ್ಬ ಮಾತ್ರ ಬಗ್ಗಲಿಲ್ಲ. ಅವನು ನಮ್ಮ ಉತ್ತರದ ನೆರೆಯ ದ್ವೀಪ ಸೇಂಟ್ ಹ್ಯೂನ ರಾಯಭಾರಿ, ಡಾಕ್ಟರ್ ಹಾರೇಸ್ ಪಿಲ್ಗ್ರಿಮ್. ಅವರಿಗೂ ನಮಗೂ ತಲೆಮಾರಿನಿಂದ ಜಗಳ. ಎರಡು ದ್ವೀಪಗಳ ನಡುವೆ ಕಡಲಿನೊಳಗೆ ಒಂದು ದಿಬ್ಬವಿದೆ, ನಾವು ಅಜ್ಜಿದಿಬ್ಬ ಅನ್ನುತ್ತೇವೆ. ಅಲ್ಲಿ ಬಲೆ ಬಿಟ್ಟರೆ ಕೆಂಪು ಮೀನು ಬೇಡವೆಂದರೂ ಬೀಳುತ್ತದೆ. ದಿಬ್ಬ ನಮ್ಮದು ಎಂದು ನಾವು, ನಮ್ಮದು ಎಂದು ಅವರು. ಪಿಲ್ಗ್ರಿಮ್ ಎತ್ತರದ, ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ಮನುಷ್ಯ. ಫಿಲೊ ಎದುರು ಬಂದರೆ ಗೋಡೆ ನೋಡುತ್ತಿದ್ದ. ಒಂದು ದಿನ ಅವನ ತೊಡೆಯ ಮೇಲೆ ಬಿಸಿ ಕಾಫಿ ಚೆಲ್ಲಿತು, "ಮೆಜಾನ್ಮಿ!" ಎಂದು ಕೂಗಿದ. ಅಯ್ಯೋ ಅನ್ನುವುದಕ್ಕೆ ನಮ್ಮ ಹಳ್ಳಿಯ ಹೆಂಗಸರು ಆಡುವ ಮಾತದು. ಅವನ ದ್ವೀಪದಲ್ಲಿ ಹಾಗೆ ಯಾರೂ ಅನ್ನುವುದಿಲ್ಲ.

ಫಿಲೊ ತಡೆದುಕೊಳ್ಳುತ್ತಾಳೆಯೇ? ಕರವಸ್ತ್ರ ಕೊಡುತ್ತಾ ಕೇಳಿದಳು, "ಡಾಕ್ಟ್ರೇ, ನಿಮ್ಮ ಅಜ್ಜಿ ಯಾವೂರೋರು?"

ಪಿಲ್ಗ್ರಿಮ್ ಕರವಸ್ತ್ರ ತೆಗೆದುಕೊಳ್ಳದೆ ಎದ್ದು ಹೋದ. ಆ ವರ್ಷವೆಲ್ಲ ಅವಳ ಜೊತೆ ಮಾತಾಡಲಿಲ್ಲ.

ಅವಳು ನ್ಯೂಯಾರ್ಕಿನಲ್ಲಿ ನೆಲೆಯೂರಿದಳು ಎಂದುಕೊಳ್ಳುವಾಗ ಪ್ರೆವೋ ವಾಪಸು ಕರೆಸಿದ. ಚುನಾವಣೆ ಬಂದಿತ್ತು. ಅವಳ ತಾಯಿಯ ಊರಿನ ಕ್ಷೇತ್ರದಿಂದಲೇ ನಿಲ್ಲಿಸಿದ. ಬೇಕು ತಿಂದವರೆಲ್ಲ ಓಟು ಹಾಕಿದರೂ ಸಾಕಿತ್ತು, ಗೆದ್ದಳು. ವಿದೇಶಾಂಗ ಖಾತೆ ವಹಿಸಿಕೊಳ್ಳುವ ಮುಂಚೆ ಅವಳು ಪ್ರಧಾನಿಯ ಮನೆಗೆ ಹೋಗಿ ನಾವೆಲ್ಲ ಕೇಳಬೇಕೆಂದಿದ್ದುದನ್ನು ಕೇಳಿದಳಂತೆ.

"ಆವತ್ತು ನನ್ನ ಕಳಿಸಿದ್ದು ಬಹುಮಾನಾನಾ, ಶಿಕ್ಷೇನಾ?"

"ಶಿಕ್ಷೇನೇ," ಎಂದನಂತೆ ಪ್ರೆವೋ. "ನನ್ನ ಅತ್ತೆ ಇವತ್ತಿಗೂ ನನ್ನ ಹತ್ರ ಮಾತಾಡಲ್ಲ, ಗೊತ್ತಾ? ಆದ್ರೆ ನೀನು ಅಲ್ಲಿ ಹೋಗಿ ಖುಷಿಯಾಗಿಬಿಟ್ಟೆ. ಶಿಕ್ಷೆ ಕೊಟ್ಟಿದ್ದೇ ದಂಡ ಆಯ್ತು. ಈಗ ನೋಡು, ನನ್ನ ಸಂಪುಟದಲ್ಲಿ ಇರೋರೆಲ್ಲಾ ಉತ್ತರ ಹೇಳೋರೇ. ಕೇಳೋಕೆ ಮುಂಚೆನೇ ಹೇಳ್ತಾರೆ. ಒಬ್ರಾದ್ರೂ ಕೇಳೋರು ಇರ್ಲಿ ಅಂತ."

ಮಂತ್ರಿಯಾದ ಮೇಲೂ ಅವಳು ಬಾದಾಮಿ ಮರದ ಕೆಳಗೇ ತಿಂಡಿ ತಿನ್ನುತ್ತಿದ್ದಳು. ತಾಯಿಗೆ ಕಾಲು ನೋವು ಹೆಚ್ಚಾದ ದಿನ ಅವಳೇ ಹಿಟ್ಟು ತಟ್ಟುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಹೊರದೇಶದ ಅತಿಥಿಯೊಬ್ಬರು ಮಂತ್ರಿಯೆಲ್ಲಿ ಎಂದು ಕೇಳಿದಾಗ, "ಕೈ ತೊಳ್ಕೊಂಡು ಬರ್ತಾಳೆ, ಕೂತ್ಕೊಳಿ" ಎಂದಿದ್ದಳು ಮಾ ಒದೆತ್.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಆಂಸ್ ಕೊಕೊ ಹಳ್ಳಿಯ ಮೀನುಗಾರ ಸೆಲ್ವಿನ್ ಒಕ್ತಾವ್ ಸಿಕ್ಕಿಬೀಳುವ ತನಕ.

ಅಜ್ಜಿದಿಬ್ಬದ ಆಚೆ, ಸೇಂಟ್ ಹ್ಯೂ ದಡ ಕಾಣುವಷ್ಟು ಹತ್ತಿರದಲ್ಲಿ, ಅವರ ಕಾವಲು ದೋಣಿ ಸೆಲ್ವಿನ್‌ನನ್ನೂ ಅವನ ಇಬ್ಬರು ಜೊತೆಗಾರರನ್ನೂ ಹಿಡಿದು ಜೈಲಿಗೆ ಹಾಕಿತು. ಕಳ್ಳತನದಿಂದ ಮೀನು ಹಿಡಿದರು ಎಂದು ಆರೋಪ. ದೋಣಿಯಲ್ಲಿ ಮೀನಿರಲಿಲ್ಲ, ಕಡಲಿಗೆ ಸುರಿದಿರಬೇಕು ಎಂದರು ಕಾವಲಿನವರು. ಸೆಲ್ವಿನ್ ನ್ಯಾಯಾಲಯದಲ್ಲಿ ಎದೆ ಸೆಟೆದು, "ಹೌದು, ಹಿಡೀತಿದ್ದೆ. ನಮ್ಮ ನೀರಲ್ಲಿ ನಾನು ಹಿಡೀತಿದ್ದೆ" ಎಂದ.

ನಮ್ಮ ದ್ವೀಪ ಹೊತ್ತಿ ಉರಿಯಿತು. ಬಸ್ಸುಗಳ ಮೇಲೆ ಸೆಲ್ವಿನ್‌ನ ಮುಖ ಬರೆದರು. ಶಾಲೆಯ ಮಕ್ಕಳು ಬಾವುಟ ಹಿಡಿದು ನಡೆದರು. ಅವನ ಹೆಂಡತಿ ಕ್ಲೆಮಾಂಸ್ ಚರ್ಚಿಗೆ ಬಂದರೆ ಜನ ಎದ್ದು ನಿಂತು ದಾರಿ ಬಿಡುತ್ತಿದ್ದರು. ಅವಳು ಕಪ್ಪು ಟೊಪ್ಪಿಗೆಯ ಕೆಳಗೆ ಮುಖ ಕಲ್ಲು ಮಾಡಿಕೊಂಡು ಕೂರುತ್ತಿದ್ದಳು. ನಾವದನ್ನು ದೇಶಕ್ಕಾಗಿ ನುಂಗಿದ ನೋವೆಂದು ತಿಳಿದೆವು. ಪ್ರೆವೋಗೂ ಹುರುಪು ಬಂತು, ಚುನಾವಣೆ ಮತ್ತೆ ಹತ್ತಿರವಿತ್ತಲ್ಲ. "ಹೋಗು ಫಿಲೊ, ಗುಡುಗಿ ಬಾ. ದಿಬ್ಬ ನಮ್ಮದು ಅಂತ ಅವರ ಬಾಯಲ್ಲೇ ಹೇಳಿಸಿ ಬಾ" ಎಂದು ಸೇಂಟ್ ಹ್ಯೂಗೆ ಕಳಿಸಿದ. ಅಲ್ಲಿ ಅಷ್ಟರೊಳಗೆ ವಿದೇಶಾಂಗ ಮಂತ್ರಿಯಾಗಿದ್ದವನು ಅದೇ ಪಿಲ್ಗ್ರಿಮ್.

ಅಲ್ಲಿ ನಡೆದದ್ದನ್ನು ಫಿಲೊ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಕ್ರಮ ಕೆಡದಂತೆ ಇಲ್ಲೇ ಹೇಳುತ್ತೇನೆ.

ಅವಳು ಮೊದಲು ಹೋದದ್ದು ಮಾತುಕತೆಯ ಕೋಣೆಗಲ್ಲ, ಜೈಲಿಗೆ. ಸೆಲ್ವಿನ್ ಬೆಂಚಿನ ಮೇಲೆ ಕೂತಿದ್ದ. ಬಿಳಿ ಅಂಗಿ. ಕೊಳೆಯಾಗಿದ್ದರೂ ತೋಳಿನ ಮಡಿಕೆ ಇನ್ನೂ ಚಾಕುವಿನಂತಿತ್ತು.

"ಸೆಲ್ವಿನ್, ಬಲೆ ಹಾಕೋಕೆ ಹೋದವನು ಇಸ್ತ್ರಿ ಅಂಗಿ ಯಾಕಪ್ಪಾ ಹಾಕ್ಕೊಂಡಿದ್ದೆ?"

"ಭಾನುವಾರ ಆಗಿತ್ತಲ್ಲ ಮೇಡಂ, ಅದಕ್ಕೆ."

"ಭಾನುವಾರ ಆಂಸ್ ಕೊಕೋಲಿ ಯಾವನೂ ದೋಣಿ ಇಳಿಸಲ್ಲ. ನಿಮ್ಮಪ್ಪ ಇಳಿಸಿದ್ರೆ ನಿಮ್ಮಜ್ಜಿ ಪೊರಕೆ ತಗೊಳೋರು."

ಸೆಲ್ವಿನ್ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ. ಕಾಲಲ್ಲಿ ಬೂಟು ಬೇರೆ, ಪಾಲಿಶ್ ಮಾಡಿದ್ದು.

"ದೋಣೀಲಿ ಇನ್ನೇನಿತ್ತು?"

"ಏನಿಲ್ಲ." ಆಮೇಲೆ ಸಿಟ್ಟಿನಿಂದ: "ಕೇಕು ಇತ್ತು. ಆ ಕಾವಲು ನನ್ಮಕ್ಕಳು ತಿಂದ್ಕೊಂಡ್ರು. ರಮ್ಮಲ್ಲಿ ನೆನೆಸಿದ ಕೇಕು, ಡಬ್ಬೀ ತುಂಬಾ!"

ರಮ್ಮಿನ ಕೇಕು, ಬಿಳಿ ಅಂಗಿ, ಭಾನುವಾರ. ನಮ್ಮಲ್ಲಿ ಹುಟ್ಟಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

"ಯಾರ ಮಗು ನಾಮಕರಣ, ಸೆಲ್ವಿನ್?"

ಆ ಗಟ್ಟಿ ಮನುಷ್ಯ ಮುಖ ಮುಚ್ಚಿಕೊಂಡು ಅತ್ತುಬಿಟ್ಟನಂತೆ. ಸೇಂಟ್ ಹ್ಯೂನಲ್ಲಿ ಅವನಿಗೆ ಒಬ್ಬಳಿದ್ದಳು. ಹೆಣ್ಣು ಮಗು ಹುಟ್ಟಿತ್ತು. ಕ್ಲೆಮಾಂಸ್‌ಗೆ ಮಕ್ಕಳಾಗಿರಲಿಲ್ಲ. "ಜೀವಮಾನ ಪೂರ್ತಿ ಮೀನುಗಳ್ಳ ಅಂತ ಇಲ್ಲೇ ಕೊಳೀತೀನಿ ಮೇಡಂ, ಆದ್ರೆ ಅವಳಿಗೆ ಗೊತ್ತಾಗಬಾರದು. ಅವಳ ಎದೆ ಒಡ್ದು ಹೋಗುತ್ತೆ."

ಫಿಲೊ ಅವನ ಪಕ್ಕ ಕೂತಳು. "ಒಂದು ಹೇಳು. ಇದನ್ನ ನೀನು ಹೇಳಿದ್ದು ಮಂತ್ರಿಗೋ, ವಕೀಲಳಿಗೋ?"

ಸೆಲ್ವಿನ್ ಮೂಗು ಒರೆಸಿಕೊಂಡು ಯೋಚಿಸಿದ. "ಮಂತ್ರಿಗೆ ಯಾರಾದ್ರೂ ಇಂಥದ್ದು ಹೇಳ್ತಾರಾ? ವಕೀಲಮ್ಮನಿಗೇ."

ಕಕ್ಷಿದಾರ ಹೇಳಿದ ಗುಟ್ಟು ವಕೀಲಳ ಹೊಟ್ಟೆಯಲ್ಲೇ ಸಾಯಬೇಕು. ಒಂದು ದೇಶ ಬೀದಿಗಿಳಿದು ಕೂಗುತ್ತಿರುವಾಗ, ಅದರ ಕೂಗಿಗೆ ಕಾರಣವೇ ಇಲ್ಲವೆಂದು ಗೊತ್ತಿರುವ ಒಬ್ಬಳೇ ಮಂತ್ರಿ ಅವಳಾದಳು. ಅವನ ಒಪ್ಪಿಗೆ ಬೇಡಿ ಒಬ್ಬರಿಗೆ ಮಾತ್ರ ಹೇಳುತ್ತೇನೆ ಎಂದಳು.

"ಅವರು ಬಾಯಿ ಬಿಟ್ರೆ?"

"ಆ ಮನುಷ್ಯ ನಗೋಕೂ ಬಾಯಿ ಬಿಡಲ್ಲ ಕಣೋ."

ಪಿಲ್ಗ್ರಿಮ್ ಮೇಜಿನ ಮೇಲೆ ಹಳೆಯ ನಕ್ಷೆಗಳನ್ನು ಹರಡಿಕೊಂಡು ಕಾಯುತ್ತಿದ್ದ. ಫಿಲೊ ಇಬ್ಬರೇ ಮಾತಾಡಬೇಕೆಂದಳು. ಉಳಿದವರು ಹೊರಗೆ ಹೋದ ಮೇಲೆ ನಡೆದದ್ದನ್ನು ನಡೆದಂತೆ ಹೇಳಿದಳು. ನಮ್ಮವರು ನಿಮ್ಮ ನೀರಿನಲ್ಲೇ ಇದ್ದರು, ಒಪ್ಪುತ್ತೇನೆ, ಎಂದೂ ಹೇಳಿದಳು. ಅಂಥ ಮಾತನ್ನು ಯಾವ ಮಂತ್ರಿಯೂ ಎದುರಾಳಿಗೆ ಹೇಳುವುದಿಲ್ಲ.

ಪಿಲ್ಗ್ರಿಮ್ ನಕ್ಷೆಗಳನ್ನು ಪಕ್ಕಕ್ಕೆ ಸರಿಸಿ, "ಕೇಕು ನಿಜವಾಗಿ ಇತ್ತಾ?" ಎಂದ.

"ಸಾಕ್ಷ್ಯಾನ ನಿಮ್ಮ ಕಾವಲಿನವರು ತಿಂದಿದಾರೆ."

ಆಗ ಅವನ ಗಂಜಿಯೆಲ್ಲ ಕರಗಿತು. ಭುಜ ಅಲುಗಿತು, ಕಣ್ಣಲ್ಲಿ ನೀರು ಬಂತು, ಸದ್ದಿಲ್ಲದೆ ನಕ್ಕ. ನಕ್ಕು ಮುಗಿಸಿ ಹೇಳಿದ: "ಆಂಸ್ ಕೊಕೊ. ನನ್ನ ಅಜ್ಜಿಯ ಊರು. ಯಾರದೋ ಮದುವೆಗೆ ಅಂತ ದೋಣಿ ಹತ್ತಿ ಈ ಕಡೆ ಬಂದವಳು, ವಾಪಸು ಹೋಗಲೇ ಇಲ್ಲ. ನೀವು ಆವತ್ತು ಕೇಳಿದಾಗ ನನಗೆ ಭಯ ಆಯ್ತು. ದಿಬ್ಬದ ವಿಷಯದಲ್ಲಿ ನನ್ನ ದೇಶದವರು ನನ್ನನ್ನ ನಂಬಬೇಕಲ್ಲ."

ಇಬ್ಬರೂ ವಕೀಲರೇ, ಮಾರನೆಯ ದಿನವೆಲ್ಲ ಕೂತು ಒಂದು ಒಪ್ಪಂದ ಬರೆದರು. ನಾಮಕರಣ, ಮದುವೆ, ಸಾವು, ಇವಕ್ಕೆ ಹೋಗಿಬರುವ ದೋಣಿಗಳನ್ನು ಎರಡೂ ದೇಶದವರು ತಡೆಯುವಂತಿಲ್ಲ. ಸೌಹಾರ್ದದ ಗುರುತಾಗಿ ಮೂವರು ಮೀನುಗಾರರ ಬಿಡುಗಡೆ. ಅಜ್ಜಿದಿಬ್ಬದ ಮಾತನ್ನು ಮುಂದಕ್ಕೆ ಹಾಕಿದರು.

ಸೆಲ್ವಿನ್ ವಿಮಾನದಿಂದ ಇಳಿದಾಗ ಜನ ಹೆಗಲ ಮೇಲೆ ಎತ್ತಿಕೊಂಡು ಹೋದರು. ಹಿಂದೆ ಒಬ್ಬಳೇ ಇಳಿದ ಫಿಲೊಳ ಮುಂದೆ ಮೈಕು ಹಿಡಿದವಳು ನಾನು.

"ಮಂತ್ರಿಗಳೇ, ದಿಬ್ಬದ ಮಾತೇ ಇಲ್ಲವಲ್ಲ ಒಪ್ಪಂದದಲ್ಲಿ? ಅವರಿಗೆ ಏನು ಕೊಟ್ಟು ಇವರನ್ನ ಬಿಡಿಸಿದ್ರಿ?"

"ಬೇರೆ ಪ್ರಶ್ನೆ ಕೇಳು ನೀಸ್."

"ಜನ ಕೇಳ್ತಿರೋದು ಇದೊಂದೇ."

ಅವಳು ನನ್ನನ್ನೇ ನೋಡಿದಳು. ಜೀವಮಾನವೆಲ್ಲ ಪ್ರಶ್ನೆ ಕೇಳಿದವಳು, ಉತ್ತರ ಗೊತ್ತಿದ್ದೂ ಹೇಳಲಾರದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ನಡಿ, ಹಸಿವಾಗ್ತಿದೆ" ಎಂದು ನನ್ನನ್ನು ದಾಟಿ ಹೋದಳು. ಅಂದಿನ ಸುದ್ದಿಯಲ್ಲಿ ನಾನು ಅದನ್ನೂ ಓದಿದೆ.

ಪ್ರೆವೋ ಕೆಂಡವಾದ. "ನಾನು ತಾ ಅಂದಿದ್ದು ದಿಬ್ಬ, ನೀನು ತಂದಿದ್ದು ತೊಟ್ಟಿಲು!" ಎಂದನಂತೆ. ತಾನು ಎಷ್ಟು ಸರಿಯಾಗಿ ಹೇಳಿದೆ ಎನ್ನುವುದು ಪಾಪ ಅವನಿಗೆ ಗೊತ್ತಿರಲಿಲ್ಲ. ವಿರೋಧ ಪಕ್ಷದವರಿಗೆ ಹಬ್ಬ. ಮುಂದಿನ ಕಾರ್ನಿವಲ್ಲಿನಲ್ಲಿ "ಕಡಲು ಮಾರಿದ ಹೆಂಗಸು" ಎಂದು ಹಾಡು ಕಟ್ಟಿದವನು ಬೇರೆ ಯಾರೂ ಅಲ್ಲ, ಅದೇ ಲಾರ್ಡ್ ತುರಿಕೆ. ಫಿಲೊ ಅದನ್ನು ಬೀದಿಯಲ್ಲಿ ನಿಂತು ಪೂರ್ತಿ ಕೇಳಿ, "ಪ್ರಾಸ ಚೆನ್ನಾಗಿದೆ, ರಾಗ ಹಳೇದು" ಎಂದಳು. ಆ ರಾತ್ರಿ ಊಟ ಮಾಡಲಿಲ್ಲ ಎಂದು ಮಾ ಒದೆತ್ ಹೇಳಿದಳು.

ಚುನಾವಣೆಯಲ್ಲಿ ಅವಳು ಸೋತಳು. ಬೇಕು ತಿಂದವರೂ ಕೈ ಕೊಟ್ಟರು. ಅವಳ ಕ್ಷೇತ್ರಕ್ಕೇ ಸೇರಿದ ಆಂಸ್ ಕೊಕೊ ಹಳ್ಳಿಯಲ್ಲಂತೂ ಒಂದೇ ಒಂದು ಓಟು ಬಿತ್ತು. ಅದು ಸೆಲ್ವಿನ್‌ನದು ಎಂದು ಜನ ಅವನನ್ನು ಛೇಡಿಸಿದರೆ ಅವನು ಮಾತಾಡದೆ ಬಲೆ ಹೊಲಿಯುತ್ತಿದ್ದನಂತೆ. ಒಂದು ಮಾತು, ಒಂದೇ ಮಾತು ಹೊರಗೆ ಬಿಟ್ಟಿದ್ದರೆ ಫಿಲೊ ಉಳಿಯುತ್ತಿದ್ದಳು. ಬಿಡಲಿಲ್ಲ. ಮತ್ತೆ ಕೋರ್ಟಿನ ಎದುರು ಒಂದು ಕೋಣೆ ಹಿಡಿದು, ಮೇಕೆ, ಬೇಲಿ, ದೀವಿಹಲಸಿನ ಮರದ ವ್ಯಾಜ್ಯಗಳಿಗೆ ಕೂತಳು. ಮಾ ಒದೆತ್ ತೀರಿಕೊಂಡಳು. ಕೂದಲು ಬೆಳ್ಳಗಾಯಿತು.

ಸೆಲ್ವಿನ್ ಸತ್ತದ್ದು ಎದೆ ನೋವಿನಿಂದ, ಬಲೆ ಒಣಗಿಸುತ್ತಿದ್ದಾಗ. ಮಣ್ಣಿನ ದಿನ ಉತ್ತರದಿಂದ ಒಂದು ದೋಣಿ ಬಂತು. ಸಾವಿನ ದೋಣಿಯೆಂದು ಕಪ್ಪು ಬಟ್ಟೆ ಕಟ್ಟಿದ್ದರಿಂದ ಯಾವ ಕಾವಲಿನವರೂ ತಡೆಯಲಿಲ್ಲ. ಅದರಿಂದ ಒಬ್ಬ ನಡುವಯಸ್ಸಿನ ಹೆಂಗಸೂ ಒಬ್ಬ ಯುವತಿಯೂ ಇಳಿದು ಚರ್ಚಿನ ಬಾಗಿಲಲ್ಲಿ ನಿಂತರು. ಯುವತಿಗೆ ಸೆಲ್ವಿನ್‌ನದೇ ಹಣೆ, ಸೆಲ್ವಿನ್‌ನದೇ ದವಡೆ. ಹಾಡುತ್ತಿದ್ದವರೆಲ್ಲ ಬಾಯಿ ಮುಚ್ಚಿದರು. ನನ್ನ ಪಕ್ಕ ಕೂತಿದ್ದ ಫಿಲೊ ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಬಳೆ ಚುಚ್ಚಿತು.

ಕ್ಲೆಮಾಂಸ್ ತಿರುಗಿ ನೋಡಿದಳು. ಎದ್ದಳು. ಮುಂದಿನ ಬೆಂಚಿನಲ್ಲಿ ತನ್ನ ಪಕ್ಕದವರನ್ನು ಸರಿಸಿ ಜಾಗ ಮಾಡಿ, "ಬಾ ಮಗಳೇ, ಅಲ್ಲೇ ಯಾಕೆ ನಿಂತೆ, ಗಾಳಿ" ಎಂದಳು.

ಸಾವಿನ ಊಟಕ್ಕೆ ಕೆಸುವಿನೆಲೆ ಸಾರು, ಬೇಯಿಸಿದ ಹಸಿ ಬಾಳೆಕಾಯಿ. ಅಡುಗೆಮನೆಯಲ್ಲಿ ಕ್ಲೆಮಾಂಸ್ ಬಡಿಸುತ್ತಿದ್ದಳು, ನಾವಿಬ್ಬರೇ ಇದ್ದೆವು. ಫಿಲೊ ತಡೆಯಲಾರದೆ ಕೇಳಿದಳು. "ನಿನಗೆ... ಯಾವಾಗ ಗೊತ್ತಾಯ್ತು ಕ್ಲೆಮಾಂಸ್?"

"ಏನು, ಮಗು ವಿಷಯಾನಾ? ಅದು ಹುಟ್ಟೋಕೆ ಮುಂಚೇನೇ. ಈ ಕಡಲಲ್ಲಿ ಮೀನು ಮಾತಾಡಲ್ಲ, ಮೀನು ಮಾರೋರು ಮಾತಾಡ್ತಾರೆ." ಅವಳು ಸೌಟು ಕುಟ್ಟಿ ಸಾರು ಉದುರಿಸಿದಳು. "ಆ ಬಿಳಿ ಅಂಗಿಗೆ ಇಸ್ತ್ರಿ ಹಾಕಿದ್ದು ಯಾರು ಅಂದ್ಕೊಂಡ್ರಿ? ಅವನು ಸ್ನೇಹಿತನ ಮದುವೆ ಅಂದ. ಸುಳ್ಳು ಹೇಳೋಕೂ ಬರ್ತಿರಲಿಲ್ಲ ಅವನಿಗೆ, ಕಿವಿ ಕೆಂಪಾಗೋದು. ಕೇಕು ಮಾಡಿದ್ದೂ ನಾನೇ. ಮಗೂದು ಅಂತ ಒಣದ್ರಾಕ್ಷಿ ಜಾಸ್ತಿ ಹಾಕಿದ್ದೆ."

"ಗೊತ್ತಿದ್ದೂ..."

"ಎರಡು ರಾತ್ರಿ ಅತ್ತೆ. ಮೂರನೇ ದಿನ ಅಂಗಿ ತೊಳೆದೆ. ಅವನಿಗೊಂದು ಮಗು ಬೇಕಿತ್ತು, ನಂಗೆ ಅವನು ಬೇಕಿದ್ದ. ಆಮೇಲೆ ನೀವೆಲ್ಲಾ ಬಾವುಟ ಹಿಡ್ಕೊಂಡು ಬಂದ್ರಿ. ಚರ್ಚಲ್ಲಿ ಎದ್ದು ನಿಲ್ತಿದ್ರಿ. ನಗು ಬಂದುಬಿಡುತ್ತೇನೋ ಅಂತ ಹಲ್ಲು ಕಚ್ಕೊಂಡು ಕೂರ್ತಿದ್ದೆ."

"ಯಾಕೆ ಯಾರಿಗೂ ಹೇಳಲಿಲ್ಲ, ಮಾರಾಯ್ತಿ?" ಎಂದು ಕೂಗಿಯೇಬಿಟ್ಟಳು ಫಿಲೊ.

"ಯಾರು ಕೇಳಿದ್ರು?" ಎಂದಳು ಕ್ಲೆಮಾಂಸ್. "ನಿಮಗೊಂದು ಓಟು ಹಾಕಿದ್ದು ಮಾತ್ರ ನಾನೇ. ಸೆಲ್ವಿನ್ ಆವತ್ತು ನಾಚಿಕೊಂಡು ಮನೆಯಿಂದಾನೇ ಆಚೆ ಬರಲಿಲ್ಲ."

ದಡದ ದಾರಿಯಲ್ಲಿ ನಡೆದು ಬರುವಾಗ ಫಿಲೊ ಎಲ್ಲವನ್ನೂ ನನಗೆ ಹೇಳಿದಳು, ಜೈಲು, ಕೇಕು, ಪಿಲ್ಗ್ರಿಮ್. ಕಾಯಬೇಕಾದ ಗುಟ್ಟು ಈಗ ಬೆಂಚಿನ ಮೇಲೆ ಬಂದು ಕೂತು ಎಲ್ಲರ ಜೊತೆ ಊಟ ಮಾಡಿತ್ತಲ್ಲ. ಕುರ್ಚಿ ಸುಮ್ಮನೆ ಕಳೆದುಕೊಂಡೆ ಎಂದು ಕೊರಗುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳಿಗೆ ಅದರ ಚಿಂತೆಯೇ ಇಲ್ಲ. ನಿಂತಲ್ಲೇ ನಿಂತು ಹಣೆ ಬಡಿದುಕೊಂಡಳು. "ಅವಳ ಮನೆ ಮುಂದೇನೇ ಹಾದು ಹೋಗಿದ್ದೆ ಕಣೇ, ವಿಮಾನಕ್ಕೆ ಹೋಗೋವಾಗ. ಪ್ರಧಾನೀನ ಕೇಳಿದ್ದೆ, ಮೇಕೆ ವಿಷಯ ಕೇಳಿದ್ದೆ, ಇಡೀ ಪ್ರಪಂಚಾನ ಕೇಳಿದ್ದೆ. ಅವಳ ಎದೆ ಒಡೆಯುತ್ತೆ ಅಂತ ಒಬ್ಬ ಗಂಡಸು ಹೇಳಿದ್ದನ್ನ ಹಾಗೇ ನಂಬ್ಕೊಂಡೆನಲ್ಲ!" ಆಮೇಲೆ ನಗತೊಡಗಿದಳು. ಇಬ್ಬರು ಮುದುಕಿಯರು ಮಣ್ಣು ಮುಗಿಸಿ ಬರುತ್ತಾ ಹಾಗೆ ನಗುವುದನ್ನು ಕಂಡು ಬಸ್ಸಿನವನು ನಿಧಾನ ಮಾಡಿ ಇಣುಕಿ ಹೋದ.

ಅಜ್ಜಿದಿಬ್ಬ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ಎರಡೂ ಕಡೆಯವರು ಸಮಿತಿ ಮಾಡಿದ್ದಾರೆ, ಸಮಿತಿಗಳು ಒಳ್ಳೆಯ ಹೋಟೆಲುಗಳಲ್ಲಿ ಸೇರುತ್ತವೆ. ಪಿಲ್ಗ್ರಿಮ್ ನಿವೃತ್ತನಾಗಿ ಏಡಿಯ ಕಾಲದಲ್ಲಿ ಆಂಸ್ ಕೊಕೊಗೆ ಬಂದು ಅಜ್ಜಿಯ ಮನೆಯ ಅಡಿಪಾಯ ಹುಡುಕುತ್ತಾನೆ. ಸಿಕ್ಕಿಲ್ಲ, ಏಡಿ ಸಿಗುತ್ತದೆ. ಫಿಲೊ ವಕೀಲಿ ಬಿಟ್ಟಿದ್ದಾಳೆ. ಕಡಲಿನ ಕಾನೂನಿನ ಬಗ್ಗೆ ನಾಲ್ಕು ಖಂಡದವರ ಜೊತೆ ವಾದ ಮಾಡಿದವಳಿಗೆ ಈಜು ಬರುವುದಿಲ್ಲ ಎನ್ನುವುದು ಈಚೆಗೆ ಕ್ಲೆಮಾಂಸ್‌ಗೆ ಗೊತ್ತಾಗಿ, ಅವಳು ನಕ್ಕು ನಕ್ಕು ಕೆಮ್ಮು ಬಂದು, ಆಮೇಲೆ ಕಲಿಸಲು ಕೈಹಿಡಿದು ಕರೆದುಕೊಂಡು ಹೋದಳು. ಈಗ ಬೆಳಗಿನ ಹೊತ್ತು ಇಬ್ಬರೂ ಸೊಂಟದ ನೀರಿನಲ್ಲಿರುತ್ತಾರೆ. ನಾನು ಮರಳಿನ ಮೇಲೆ ಕೋಕೋ ಚಹ ಹಿಡಿದು ಕೂರುತ್ತೇನೆ.

"ಕ್ಲೆಮಾಂಸ್, ಮನುಷ್ಯ ಯಾಕೆ ತೇಲ್ತಾನೆ?" ಎಂದು ಫಿಲೊ ಉಪ್ಪುನೀರು ಉಗುಳುತ್ತಾ ಕೇಳುತ್ತಾಳೆ.

"ಬಾಯಿ ಮುಚ್ಚಿದ್ರೆ ತೇಲ್ತಾನೆ," ಎನ್ನುತ್ತಾಳೆ ಕ್ಲೆಮಾಂಸ್. "ಕಾಲು ಎತ್ತು ಮಂತ್ರಿ, ಕಾಲು ಎತ್ತು!"